ಬೆಳಕಿಗೆ ಶ್ರುತಿ ಕೂಡಿಸುವ ಯಂತ್ರ

ದೇವಸ್ಥಾನದ ಗಂಟೆಗೆ ಇರುವುದು ಒಂದೇ ನಾದ. ಎರಕ ಹೊಯ್ದ ದಿನ ಕಂಚುಗಾರನು ಅದಕ್ಕೆ ಯಾವ ಸ್ವರವನ್ನು ಕೊಟ್ಟನೋ ಆ ಸ್ವರವೇ ಅದರ ಆಯುಷ್ಯದ ಕೊನೆಯವರೆಗೂ. ಮೆಲ್ಲನೆ ಬಡಿದರೆ ಮೆಲ್ಲನೆ, ಬಲವಾಗಿ ಬಡಿದರೆ ಬಲವಾಗಿ ಅದೊಂದನ್ನೇ ಅದು ನುಡಿಯುವುದು. ವೀಣೆಯ ಮಾತು ಬೇರೆ. ಬಿರಡೆಯನ್ನು ತಿರುಹಿದರೆ ತಂತಿಯ ಬಿಗಿ ಹೆಚ್ಚಿ ಸ್ವರವು ಮೇಲಕ್ಕೇರುವುದು; ಮೆಟ್ಟಿಲಿನ ಮೇಲೆ ಬೆರಳನ್ನೊತ್ತಿದರೆ ಅದೇ ತಂತಿಯು ಮತ್ತೊಂದು ಸ್ವರವನ್ನು ಹಾಡುವುದು. ಲೇಸರ್ ಎಂಬ ಬೆಳಕಿನ ಯಂತ್ರಗಳಲ್ಲಿಯೂ ಈ ಎರಡು ಜಾತಿಗಳುಂಟು. ಅವುಗಳಲ್ಲಿ ಮೊದಲನೆಯ ಜಾತಿಯನ್ನು ಎಲ್ಲರೂ ಬಲ್ಲರು. ಅಂಗಡಿಯಲ್ಲಿ ಸಾಮಾನಿನ ಮೇಲಣ ಕಪ್ಪು ಪಟ್ಟೆಗಳನ್ನು ಓದುವ ಕೆಂಪು ಗೆರೆಯೂ ಕಣ್ಣಿನ ವೈದ್ಯರ ಸೂಕ್ಷ್ಮ ಕಿರಣವೂ ಆ ಜಾತಿಗೆ ಸೇರಿದವು. ಎರಡನೆಯದನ್ನು ಕಂಡವರು ಕಡಮೆ. ಅದು ಮನೆಗೂ ಅಂಗಡಿಗೂ ಬರುವಂಥದಲ್ಲ. ಕೆಲವು ಕಡೆ ಅದರ ಉದ್ದವನ್ನು ಮೈಲಿಗಳಲ್ಲಿ ಅಳೆಯಬೇಕಾಗಿದೆ.

ಬೆಳಕು ಒಂದು ಬಗೆಯ ಅಲೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ದೂರಕ್ಕೆ ತರಂಗಾಂತರವೆಂದು ಹೆಸರು. ಸಂಗೀತದಲ್ಲಿ ಸ್ವರಕ್ಕೆ ಯಾವ ಸ್ಥಾನವೋ ಬೆಳಕಿನಲ್ಲಿ ತರಂಗಾಂತರಕ್ಕೆ ಅದೇ ಸ್ಥಾನ. ಬಣ್ಣವೆಂಬುದು ಅದನ್ನೇ ಅವಲಂಬಿಸಿರುವುದು. ೧೯೬೦ನೆಯ ಇಸವಿಯಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ಮೊತ್ತಮೊದಲನೆಯ ಲೇಸರನ್ನು ಬೆಳಗಿಸಿದರು. ಅದರ ಬೆಳಕು ಕಡುಗೆಂಪು. ತರಂಗಾಂತರವು ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ೬೯೪ ಪಾಲು. ಆ ಹರಳಿನೊಳಗಿರುವ ಕ್ರೋಮಿಯಮ್ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಆ ಬೆಳಕು ಹೊರಡುವುದು. ಮೆಟ್ಟಿಲುಗಳ ಎತ್ತರವನ್ನು ನಿಸರ್ಗವೇ ಗೊತ್ತುಮಾಡಿರುವುದರಿಂದ ಬೆಳಕಿನ ಬಣ್ಣವನ್ನು ಬದಲಿಸುವ ಅಧಿಕಾರವು ಮನುಷ್ಯನಿಗಿಲ್ಲ. ಇನ್ನೊಂದು ಬಣ್ಣ ಬೇಕೆಂದರೆ ಇನ್ನೊಂದು ವಸ್ತುವನ್ನು ಹುಡುಕಬೇಕು. ಇಂಗಾಲಾಮ್ಲ ವಾಯುವಿನ ಲೇಸರ್ ೧೦.೬ ಮೈಕ್ರಾನಿನ ಬೆಳಕನ್ನು ಕೊಡುವುದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಬೆಳಕು ಕೆಂಪಿನಿಂದಾಚೆಗೆ ಕಣ್ಣಿಗೆ ಕಾಣದಿರುವ ಅವಗೆಂಪು ಕಿರಣ. ಸ್ವಲ್ಪಮಟ್ಟಿಗೆ ಬಣ್ಣ ಬದಲಿಸಬಲ್ಲ ಲೇಸರುಗಳೂ ಬಂದಿವೆ. ಆದರೆ ಅವುಗಳ ಓಡಾಟವೆಲ್ಲ ವಸ್ತುವು ಹಾಕಿಕೊಟ್ಟ ಅಂಗಳದೊಳಗೇ. ಇವೆಲ್ಲ ಗಂಟೆಯ ಜಾತಿಯವು.

ಎಲೆಕ್ಟ್ರಾನನ್ನು ಪರಮಾಣುವಿನ ಮನೆಯಿಂದಲೇ ಬಿಡಿಸಿ ಹೊರಕ್ಕೆ ತಂದರೆ ಈ ಕಟ್ಟು ತಪ್ಪಬಹುದೇ ಎಂದು ಯೋಚಿಸಿದವರು ಕ್ಯಾಲಿಫೋರ್ನಿಯದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಮೇಡಿ. ಇವರ ಬಾಲ್ಯದ ಸಂಗತಿಯೊಂದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. ನ್ಯೂ ಜೆರ್ಸಿ ಸಂಸ್ಥಾನದ ಕ್ಲಾರ್ಕ್ ಎಂಬ ಊರಿನಲ್ಲಿ ಇವರೂ ಇವರ ಅಣ್ಣ ಜೂಲ್ಸ್ ಎಂಬವರೂ ಹುಡುಗರಾಗಿದ್ದಾಗಲೇ ಹವ್ಯಾಸಿ ರೇಡಿಯೋ ನಿಲಯವನ್ನು ನಡೆಸುತ್ತಿದ್ದರು. ೧೯೫೭-೫೮ರಲ್ಲಿ ಅಂತರರಾಷ್ಟ್ರೀಯ ಭೂಭೌತ ವರ್ಷದ ನಿಮಿತ್ತವಾಗಿ ಅಂಟಾರ್ಕ್ಟಿಕದ ಹಿಮದ ನಡುವೆ ಬಿಡಾರ ಹೂಡಿದ್ದ ಅಮೆರಿಕನ್ನರ ದನಿಯನ್ನು ಹಿಡಿದು, ದೂರವಾಣಿಯ ಮೂಲಕ ಅವರ ಹೆಂಡತಿ ಮಕ್ಕಳಿಗೂ ತಾಯಿತಂದೆಗಳಿಗೂ ಮುಟ್ಟಿಸುತ್ತಿದ್ದವರು ಈ ಹುಡುಗರು. ಗುಂಡಿಯನ್ನು ತಿರುಹುತ್ತ ತಿರುಹುತ್ತ ಬೇಕಾದ ಅಲೆಯನ್ನು ಹಿಡಿಯುವ ಅಭ್ಯಾಸವಿದ್ದವನಿಗೆ, ರೇಡಿಯೋ ಅಲೆಗೆ ಸಾಧ್ಯವಾದದ್ದು ಬೆಳಕಿನ ಅಲೆಗೇಕೆ ಸಾಧ್ಯವಾಗಬಾರದು ಎಂಬ ಶಂಕೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ದಾರಿಯನ್ನು ಹಿಂದಿನವರು ಸ್ವಲ್ಪ ಸವೆಸಿಯೂ ಇದ್ದರು. ಸ್ಟಾನ್‌ಫರ್ಡಿನಲ್ಲಿಯೇ ಹಾನ್ಸ್ ಮೋಟ್ಸ್ ಎಂಬ ವಿದ್ವಾಂಸರು ೧೯೫೧ರಲ್ಲಿ ಒಂದು ಉಪಾಯವನ್ನು ಸೂಚಿಸಿದ್ದರು. ಅಯಸ್ಕಾಂತಗಳನ್ನು ಮೇಲೊಂದು ಸಾಲು ಕೆಳಗೊಂದು ಸಾಲಾಗಿ ಜೋಡಿಸಿ, ಉತ್ತರ ಧ್ರುವ ದಕ್ಷಿಣ ಧ್ರುವಗಳು ಒಂದು ಬಿಟ್ಟು ಒಂದು ಬರುವಂತೆ ಇಟ್ಟು, ನಡುವಣ ತೆರಪಿನಲ್ಲಿ ವೇಗವಾದ ಎಲೆಕ್ಟ್ರಾನುಗಳನ್ನು ಹಾಯಿಸುವುದು. ಒಂದು ಧ್ರುವವು ಎಲೆಕ್ಟ್ರಾನನ್ನು ಎಡಕ್ಕೆ ತಳ್ಳಿದರೆ ಮುಂದಿನದು ಬಲಕ್ಕೆ ತಳ್ಳುವುದು. ಹಾವು ಹರಿದಂತೆ ಅದು ಬಳುಕುತ್ತ ಸಾಗುವುದು. ಬಳುಕುವ ಎಲೆಕ್ಟ್ರಾನು ಬೆಳಕನ್ನು ಚೆಲ್ಲದೆ ಇರಲಾರದು. ೧೯೫೩ರಲ್ಲಿ ಮೋಟ್ಸರೂ ಅವರ ಜೊತೆಗಾರರೂ ಹೀಗೆ ಹೊರಟ ಬೆಳಕನ್ನು ಕಂಡರು. ಈ ಅಯಸ್ಕಾಂತಗಳ ಸಾಲಿಗೆ ಅವರು ಅಂಡ್ಯುಲೇಟರ್ ಎಂದು ಹೆಸರಿಟ್ಟರು. ನಾವು ಇದನ್ನು ಬಳುಕುಹಾದಿ ಎಂದು ಕರೆಯೋಣ. ಹೆಸರು ಹಿಡಿಸದವರು ಬೇರೊಂದನ್ನು ಸೂಚಿಸಬಹುದು.

ಮೇಡಿಯವರು ೧೯೭೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದೇನೆಂದರೆ, ಈ ಹಾದಿಯಲ್ಲಿ ಎಲೆಕ್ಟ್ರಾನುಗಳ ಜೊತೆಗೆ ತಕ್ಕ ಬೆಳಕನ್ನೂ ಕಳುಹಿಸಿದರೆ ಆ ಬೆಳಕು ಎಲೆಕ್ಟ್ರಾನುಗಳಿಂದ ಶಕ್ತಿಯನ್ನು ಪಡೆದು ಬೆಳೆಯುವುದೆಂಬುದು. ಇದೇ ಮುಕ್ತ ಎಲೆಕ್ಟ್ರಾನ್ ಲೇಸರ್. ಪರಮಾಣುವಿಲ್ಲ, ಹರಳಿಲ್ಲ, ವಾಯುವಿಲ್ಲ. ಗಾಳಿ ತೆಗೆದ ಕೊಳವೆ, ಅಯಸ್ಕಾಂತಗಳ ಸಾಲು, ಓಡುವ ಎಲೆಕ್ಟ್ರಾನುಗಳು, ಇಷ್ಟೇ.

ಹಾಗಾದರೆ ಹೊರಡುವ ಬೆಳಕಿನ ಬಣ್ಣವನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಯ ಉತ್ತರವು ಬಹು ಸೊಗಸಾದುದು. ಲೆಕ್ಕದ ಸೂತ್ರವಿಲ್ಲದೆಯೂ ಅದನ್ನು ತಿಳಿಯಬಹುದಾದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಬೆಳಕೂ ಎಲೆಕ್ಟ್ರಾನೂ ಬಳುಕುಹಾದಿಯಲ್ಲಿ ಪಂದ್ಯ ಹೂಡಿ ಓಡುತ್ತಿವೆಯೆಂದು ಭಾವಿಸಿರಿ. ಬೆಳಕಿನಷ್ಟು ವೇಗವಾಗಿ ಎಲೆಕ್ಟ್ರಾನು ಎಂದಿಗೂ ಓಡಲಾರದು. ಅದರ ಮೇಲೆ ಬೆಳಕು ನೆಟ್ಟಗೆ ಓಡುವುದು, ಎಲೆಕ್ಟ್ರಾನು ಅತ್ತಿತ್ತ ಬಳುಕುತ್ತ ಓಡುವುದು. ಎಲೆಕ್ಟ್ರಾನು ಒಂದು ಪೂರ್ಣ ಬಳುಕನ್ನು, ಎಂದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿಬರುವುದನ್ನು, ಮುಗಿಸುವಷ್ಟರಲ್ಲಿ ಬೆಳಕು ಸ್ವಲ್ಪ ಮುಂದೆ ಹೋಗಿರುತ್ತದೆ. ಹೀಗೆ ಮುಂದೆ ಹೋದ ದೂರವು ಸರಿಯಾಗಿ ಒಂದು ಅಲೆಯ ಉದ್ದವಾಗಿದ್ದರೆ, ಹಿಂದಿನ ಬಳುಕಿನಲ್ಲಿ ಹೊರಟ ಅಲೆಯ ನೆತ್ತಿಯ ಮೇಲೆ ಈ ಬಳುಕಿನಲ್ಲಿ ಹೊರಟ ಅಲೆಯ ನೆತ್ತಿಯು ಬಂದು ಕೂಡುವುದು. ಮುಂದಿನ ಬಳುಕಿನಲ್ಲಿಯೂ ಹಾಗೆಯೇ, ಅದರ ಮುಂದಿನದರಲ್ಲಿಯೂ ಹಾಗೆಯೇ. ಆ ಉದ್ದದ ಅಲೆ ಬೆಳೆಯುತ್ತ ಹೋಗುವುದು. ಹೊಂದದ ಉದ್ದದ ಅಲೆಗಳಾದರೋ ಒಂದರ ನೆತ್ತಿಯ ಮೇಲೆ ಇನ್ನೊಂದರ ತಗ್ಗು ಬಿದ್ದು ತಮ್ಮತಮ್ಮೊಳಗೇ ಕಾದಾಡಿ ಅಳಿಯುವುವು. ಆದಕಾರಣ ಒಂದು ಬಳುಕಿನಲ್ಲಿ ಎಲೆಕ್ಟ್ರಾನು ಬೆಳಕಿಗಿಂತ ಎಷ್ಟು ಹಿಂದುಳಿಯುವುದೋ ಅಷ್ಟೇ ಆ ಬೆಳಕಿನ ತರಂಗಾಂತರ.

ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಂತ್ರದ ಬಿರಡೆಯೂ ಮೆಟ್ಟಿಲೂ ತಾವಾಗಿಯೇ ಗೋಚರವಾಗುವುವು. ಎಲೆಕ್ಟ್ರಾನಿಗೆ ಹೆಚ್ಚು ಶಕ್ತಿಯನ್ನು ಕೊಟ್ಟರೆ ಅದು ಕಡಮೆ ಹಿಂದುಳಿಯುವುದು, ತರಂಗಾಂತರವು ಕಿರಿದಾಗುವುದು. ಇಲ್ಲಿ ಒಂದು ವಿಚಿತ್ರವಿದೆ. ಬೆಳಕಿನ ವೇಗಕ್ಕೆ ಅತಿ ಸಮೀಪದಲ್ಲಿರುವ ಎಲೆಕ್ಟ್ರಾನಿಗೆ ಎಷ್ಟು ಶಕ್ತಿಯನ್ನು ತುಂಬಿದರೂ ಅದರ ವೇಗವು ಹೆಚ್ಚುವುದು ಲೆಕ್ಕಕ್ಕೆ ಬಾರದಷ್ಟು. ಆದರೆ ನಮಗೆ ಬೇಕಾದದ್ದು ವೇಗವಲ್ಲ, ಬೆಳಕಿನ ವೇಗಕ್ಕೂ ಅದರ ವೇಗಕ್ಕೂ ಇರುವ ಕೊರತೆ. ಶಕ್ತಿಯನ್ನು ಇಮ್ಮಡಿಸಿದರೆ ಆ ಕೊರತೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂದು ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತವು ಹೇಳುತ್ತದೆ. ಇದು ಬಿರಡೆ. ಇನ್ನು ಅಯಸ್ಕಾಂತಗಳ ಬಲವನ್ನು ಹೆಚ್ಚಿಸಿದರೆ ಎಲೆಕ್ಟ್ರಾನಿನ ಬಳುಕು ದೊಡ್ಡದಾಗಿ, ಸುತ್ತುದಾರಿ ಹೆಚ್ಚಿ, ಅದು ಇನ್ನಷ್ಟು ಹಿಂದುಳಿಯುವುದು, ತರಂಗಾಂತರವು ಹಿರಿದಾಗುವುದು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವಣ ತೆರಪನ್ನು ಕಿರಿದುಮಾಡಿದರೆ ಬಲವು ಹೆಚ್ಚುವುದು, ಅಗಲಿಸಿದರೆ ತಗ್ಗುವುದು. ಇದು ಮೆಟ್ಟಿಲು. ಅಯಸ್ಕಾಂತಗಳ ಜೋಡಣೆಯ ಅಂತರವನ್ನೇ ಬದಲಿಸಿದರೂ ಬಣ್ಣ ಬದಲಾಗುವುದೇನೋ ನಿಜ. ಆದರೆ ಅದು ವೀಣೆಯನ್ನು ಒಡೆದು ಹೊಸದಾಗಿ ಕಟ್ಟಿದಂತೆ.

ಬಣ್ಣವನ್ನು ಗೊತ್ತುಮಾಡಿದ ಮಾತ್ರಕ್ಕೆ ಅದು ಲೇಸರ್ ಆಗದು. ತೇರನ್ನು ಎಳೆಯುವ ನೂರಾರು ಮಂದಿ ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ ಹಗ್ಗವನ್ನು ಜಗ್ಗಿದರೆ ಗಾಲಿ ಕದಲುವುದಿಲ್ಲ. ಘೋಷ ಎದ್ದೊಡನೆ ಎಲ್ಲರೂ ಒಟ್ಟಿಗೆ ಜಗ್ಗಿದರೆ ತೇರು ಹೊರಡುವುದು. ಮೊದಲಲ್ಲಿ ಎಲೆಕ್ಟ್ರಾನುಗಳೂ ಗುಂಪುಗುಂಪಾಗಿ ಅಡ್ಡಾದಿಡ್ಡಿಯಾಗಿ ಓಡುತ್ತಿರುತ್ತವೆ. ತಾವೇ ಚೆಲ್ಲಿದ ಬೆಳಕು ಅವುಗಳನ್ನು ತಿದ್ದುವುದು. ಬೆಳಕಿನ ಸೆಳೆತಕ್ಕೆ ಸಿಕ್ಕಿ ಕೆಲವು ಶಕ್ತಿ ಪಡೆದು ಮುಂದಾಗುವುವು, ಕೆಲವು ಶಕ್ತಿ ಕಳೆದುಕೊಂಡು ಹಿಂದಾಗುವುವು. ಕೊನೆಗೆ ಸರಿಯಾಗಿ ಒಂದೊಂದು ತರಂಗಾಂತರದ ದೂರದಲ್ಲಿ ತೆಳುವಾದ ಹಾಳೆಗಳಂತೆ ಸಾಲುಗಟ್ಟುವುವು. ಆಗ ಎಲ್ಲವೂ ಒಂದೇ ತಾಳಕ್ಕೆ ಬೆಳಕನ್ನು ಚೆಲ್ಲುವುದರಿಂದ ಅದರ ಪ್ರಖರತೆಗೆ ಮಿತಿಯೇ ಇಲ್ಲವೆನ್ನುವಷ್ಟು ಬೆಳೆಯುವುದು.

ಮೇಡಿಯವರ ಮೊದಲ ಬಳುಕುಹಾದಿಯು ಅಯಸ್ಕಾಂತದ ತುಂಡುಗಳ ಸಾಲಾಗಿರಲಿಲ್ಲ. ಕೊಳವೆಯೊಂದಕ್ಕೆ ತಿರುಪಿನಂತೆ ಸುತ್ತಿದ ಅತಿವಾಹಕ ತಂತಿಯಲ್ಲಿ ವಿದ್ಯುತ್ತನ್ನು ಹರಿಸಿ ಅಯಸ್ಕಾಂತದ ಗುಣವನ್ನು ಬರಿಸಿದ್ದರು. ಅದರ ಉದ್ದ ೫.೨ ಮೀಟರು, ೩.೨ ಸೆಂಟಿಮೀಟರಿಗೆ ಒಂದು ಸುತ್ತು. ೧೯೭೬ರಲ್ಲಿ ೨ ಕೋಟಿ ೪೦ ಲಕ್ಷ ಎಲೆಕ್ಟ್ರಾನ್ ವೋಲ್ಟು ಶಕ್ತಿಯ ಕಣಗಳನ್ನು ಅದರಲ್ಲಿ ಓಡಿಸಿ, ಜೊತೆಗೆ ಇಂಗಾಲಾಮ್ಲ ಲೇಸರಿನ ೧೦.೬ ಮೈಕ್ರಾನಿನ ಬೆಳಕನ್ನು ಕಳುಹಿಸಿದಾಗ, ಒಂದೇ ಸಲ ಹಾಯುವಷ್ಟರಲ್ಲಿ ಆ ಬೆಳಕು ನೂರಕ್ಕೆ ಏಳರಷ್ಟು ಬೆಳೆಯಿತು. ಮರುವರ್ಷ ಎರಡು ಕೊನೆಗಳಲ್ಲಿ ಕನ್ನಡಿಗಳನ್ನಿಟ್ಟು, ಯಾವ ಹೊರಗಿನ ಬೆಳಕಿನ ನೆರವೂ ಇಲ್ಲದೆ ಯಂತ್ರವು ತಾನಾಗಿಯೇ ಬೆಳಗುವಂತೆ ಮಾಡಿದರು. ಈ ಸಲ ಶಕ್ತಿಯು ೪ ಕೋಟಿ ೩೦ ಲಕ್ಷ. ಹೊರಟ ಬೆಳಕು ೩.೪ ಮೈಕ್ರಾನ್. ಬಳುಕುಹಾದಿ ಅದೇ. ವಾಚಕರು ಪೆನ್ಸಿಲು ಹಿಡಿದು ನೋಡಬಹುದು: ೪೩ನ್ನು ೨೪ರಿಂದ ಭಾಗಿಸಿ ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸುಮಾರು ೩.೨ ಬರುವುದು, ೧೦.೬ನ್ನು ಇದರಿಂದ ಭಾಗಿಸಿದರೆ ೩.೩. ಕಂಡದ್ದು ೩.೪. ಬಿರಡೆಯನ್ನು ತಿರುಹಿದಷ್ಟೇ ಬಣ್ಣ ಬದಲಾಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಡುತ್ತ ಹಾಡುತ್ತ ತಂತಿ ಸಡಿಲವಾಗುವ ತೊಂದರೆ ಇಲ್ಲಿಯೂ ಉಂಟು. ಬೆಳಕಿಗೆ ಶಕ್ತಿಯನ್ನು ಕೊಟ್ಟ ಎಲೆಕ್ಟ್ರಾನು ತಾನು ಬಡವಾಗುವುದು. ಬಡವಾದದ್ದು ಹೆಚ್ಚು ಹಿಂದುಳಿಯುವುದು. ಹಿಂದುಳಿದದ್ದು ಶ್ರುತಿ ತಪ್ಪುವುದು. ಇದಕ್ಕೆ ಮದ್ದು ಹಾದಿಯ ಕೊನೆಕೊನೆಗೆ ಅಯಸ್ಕಾಂತಗಳ ಬಲವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ ಹೋಗುವುದು. ಬಳುಕು ಚಿಕ್ಕದಾದರೆ ಬಡವಾದ ಎಲೆಕ್ಟ್ರಾನೂ ಜೊತೆ ತಪ್ಪದೆ ನಡೆಯಬಲ್ಲದು. ೧೯೮೬ರಲ್ಲಿ ಕ್ಯಾಲಿಫೋರ್ನಿಯದ ಲಿವರ್‌ಮೋರಿನಲ್ಲಿ ಸೂಕ್ಷ್ಮ ರೇಡಿಯೋ ಅಲೆಗಳ ಮೇಲೆ ಈ ಉಪಾಯವನ್ನು ಪ್ರಯೋಗಿಸಿದಾಗ, ಎಲೆಕ್ಟ್ರಾನುಗಳ ಶಕ್ತಿಯಲ್ಲಿ ನೂರಕ್ಕೆ ಆರರಷ್ಟು ಮಾತ್ರ ಅಲೆಗಳಿಗೆ ಸಲ್ಲುತ್ತಿದ್ದುದು ಮೂವತ್ತನಾಲ್ಕಕ್ಕೆ ಏರಿತು.

ಇಷ್ಟೆಲ್ಲ ಪ್ರಯಾಸಪಟ್ಟು ಬಣ್ಣವನ್ನು ಬದಲಿಸುವುದರಿಂದ ಬಂದ ಪ್ರಯೋಜನವೇನೆಂದು ಮನೆಯಲ್ಲಿ ಹಿರಿಯರು ಕೇಳುವುದು ಸಹಜ. ಅದಕ್ಕೆ ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ಉದಾಹರಣೆಯನ್ನು ಕೊಡುವೆವು.

ಶಸ್ತ್ರವೈದ್ಯರು ಲೇಸರಿನಿಂದ ಮಾಂಸವನ್ನು ಕೊಯ್ಯುವಾಗ ಕೊಯ್ದ ಅಂಚಿನ ಸುತ್ತಲಿನ ಭಾಗವೂ ಕಾದು ಬೇಯುವುದು. ಚರ್ಮವಾದರೆ ಚಿಂತೆಯಿಲ್ಲ, ಮಿದುಳಾದರೆ ಕೂದಲೆಳೆಯಷ್ಟು ಬೆಂದರೂ ಮಾತೋ ನೋಟವೋ ಕೈಕಾಲಿನ ಶಕ್ತಿಯೋ ಹೋಗಬಹುದು. ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು ೨ರಿಂದ ೯ ಮೈಕ್ರಾನುಗಳವರೆಗೆ ಶ್ರುತಿಮಾಡಬಹುದಾದ ಮುಕ್ತ ಎಲೆಕ್ಟ್ರಾನ್ ಲೇಸರ್ ಇದ್ದಿತು. ಅಲ್ಲಿಯ ವಿಜ್ಞಾನಿಗಳು ಒಂದೊಂದೇ ತರಂಗಾಂತರವನ್ನು ಹಿಡಿದು ಅಂಗಾಂಶಗಳ ಮೇಲೆ ಪರೀಕ್ಷಿಸುತ್ತ ಬಂದರು. ೬.೪೫ ಮೈಕ್ರಾನಿಗೆ ಬಂದಾಗ ಕೊಯ್ತವು ನಿರ್ಮಲವಾಗಿ, ಪಕ್ಕದ ಭಾಗಕ್ಕೆ ತಟ್ಟುವ ಕೇಡು ಬಹಳ ಕಡಮೆಯಾಗಿ ಕಂಡುಬಂದಿತು. ಆ ಬಣ್ಣವನ್ನು ದೇಹದ ನೀರು ಮಾತ್ರವಲ್ಲದೆ ಪ್ರೋಟೀನೂ ಹೀರುವುದು. ನೀರು ಕುದಿದು ಸಿಡಿಯುವ ಮೊದಲೇ ಪ್ರೋಟೀನಿನ ಬಿಗಿ ಸಡಿಲುವುದರಿಂದ ಸಿಡಿತದ ರಭಸ ತಗ್ಗುವುದೆಂದು ಅವರು ೧೯೯೪ರಲ್ಲಿ ವಿವರಣೆ ಕೊಟ್ಟರು. ೧೯೯೯ರ ಡಿಸೆಂಬರಿನಲ್ಲಿ ಅಲ್ಲಿಯೇ ಮನುಷ್ಯರ ಮೇಲೆ ಮೊತ್ತಮೊದಲನೆಯ ಸಲ ಈ ಬೆಳಕಿನಿಂದ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಹೊದಿಕೆಯಲ್ಲಿ ಬೆಳೆದ ಗಡ್ಡೆಯೊಂದನ್ನು ತೆಗೆಯುವಲ್ಲಿ ಅದನ್ನು ಬಳಸಿದರು.

ಆಸ್ಪತ್ರೆಗೊಂದರಂತೆ ವೇಗವರ್ಧಕ ಯಂತ್ರವನ್ನು ಕಟ್ಟಲು ಯಾವ ದೇಶಕ್ಕೂ ಶಕ್ತಿಯಿಲ್ಲವೆಂಬುದು ದಿಟ. ಆದರೆ ನಮ್ಮ ಅಭಿಪ್ರಾಯದಲ್ಲಿ ಶ್ರುತಿಯಂತ್ರದ ನಿಜವಾದ ಕೆಲಸವು ಕೊಯ್ಯುವುದಲ್ಲ, ಹುಡುಕುವುದು. ಯಾವ ಬಣ್ಣ ಬೇಕೆಂದು ತಿಳಿದ ಮೇಲೆ ಆ ಒಂದು ಬಣ್ಣಕ್ಕೆ ಮೇಜಿನ ಮೇಲಿಡುವಂಥ ಸಣ್ಣ ಲೇಸರನ್ನು ಮಾಡಲು ಯತ್ನಿಸಬಹುದು; ನ್ಯಾಶ್‌ವಿಲ್ಲಿನ ಸುದ್ದಿಯ ತರುವಾಯ ೬.೪೫ ಮೈಕ್ರಾನಿಗೆ ಹಲವರು ಹಾಗೆ ಯತ್ನಿಸಿದ್ದೂ ಉಂಟು. ಯಾವುದು ಬೇಕೆಂದೇ ತಿಳಿಯದಿದ್ದಾಗ ಸ್ಥಿರವಾದ ಬಣ್ಣದ ನೂರು ಲೇಸರುಗಳಿದ್ದರೂ ವ್ಯರ್ಥ. ಹಾಲೆಂಡಿನ ನೈಮೇಖನ್ ನಗರದಲ್ಲಿರುವ ಫೆಲಿಕ್ಸ್ ಎಂಬ ಯಂತ್ರವು ಇಂಥ ಹುಡುಕಾಟಕ್ಕೆ ಹೆಸರಾದದ್ದು. ತೆರಪನ್ನು ಬದಲಿಸುತ್ತ ಕೆಲವೇ ನಿಮಿಷಗಳಲ್ಲಿ ತರಂಗಾಂತರವನ್ನು ಸುಮಾರು ಮುಮ್ಮಡಿಯವರೆಗೆ ಒಯ್ಯಬಲ್ಲರು. ಒಂದೊಂದು ಅಣುವೂ ತನಗೆ ಹೊಂದುವ ಬಣ್ಣಗಳನ್ನು ಮಾತ್ರ ಹೀರುವುದರಿಂದ, ಯಾವ ಯಾವ ಬಣ್ಣದಲ್ಲಿ ಹೀರಿತೆಂದು ನೋಡಿ ಅಣುವಿನ ಗುರುತನ್ನು ಹಿಡಿಯುತ್ತಾರೆ.

ಇದುವರೆಗೆ ಹೇಳಿದ್ದು ಅವಗೆಂಪಿನ ಮಂದ್ರಸ್ಥಾಯಿ. ತಾರಸ್ಥಾಯಿಗೆ, ಎಂದರೆ ಕ್ಷ-ಕಿರಣಗಳಿಗೆ, ಏರಬೇಕಾದರೆ ಬೇರೆಯೇ ಸಾಹಸ ಬೇಕಾಯಿತು. ಕ್ಷ-ಕಿರಣವನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸಿ ಬೆಳೆಸುವಂಥ ಕನ್ನಡಿಗಳು ಆಗ ಇರಲಿಲ್ಲ. ಆದ್ದರಿಂದ ಒಂದೇ ಸಲ ಹಾಯುವಷ್ಟರಲ್ಲಿ ಬೆಳಕು ಪೂರ್ಣವಾಗಿ ಬೆಳೆಯುವಷ್ಟು ಉದ್ದದ ಬಳುಕುಹಾದಿ ಬೇಕು, ಎಲೆಕ್ಟ್ರಾನುಗಳಿಗೂ ಅಪಾರವಾದ ಶಕ್ತಿ ಬೇಕು. ಕ್ಲಾಡಿಯೊ ಪೆಲ್ಲೆಗ್ರಿನಿ ಎಂಬವರು ೧೯೯೨ರಲ್ಲಿ ಸ್ಟಾನ್‌ಫರ್ಡಿನ ಹಳೆಯ ವೇಗವರ್ಧಕವನ್ನೇ ಇದಕ್ಕೆ ಬಳಸಬಹುದೆಂದು ಸೂಚಿಸಿದರು. ೧೯೬೦ರ ದಶಕದಲ್ಲಿ ಪರಮಾಣುವಿನ ಅಂತರಂಗವನ್ನು ಬಗೆಯುವುದಕ್ಕಾಗಿ ಕಟ್ಟಿದ, ಸುಮಾರು ಎರಡು ಮೈಲಿ ಉದ್ದದ ಯಂತ್ರ ಅದು. ಅದರ ಕೊನೆಯ ಒಂದು ಕಿಲೋಮೀಟರನ್ನು ಬಳಸಿ, ಮುಂದೆ ನೂರು ಮೀಟರಿಗೂ ಮಿಕ್ಕ ಬಳುಕುಹಾದಿಯನ್ನು ಜೋಡಿಸಿದರು. ೨೦೦೯ರ ಏಪ್ರಿಲ್ ತಿಂಗಳಲ್ಲಿ ೧.೫ ಆಂಗ್‌ಸ್ಟ್ರಾಮಿನ ಲೇಸರ್ ಕಿರಣವು ಹೊರಟಿತು. ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು; ಪರಮಾಣುಗಳ ಗಾತ್ರವನ್ನು ಅಳೆಯುವ ಗೇಣು ಅದು. ಅಲ್ಲಿ ಒಂದು ಬಳುಕಿನ ಉದ್ದ ೩ ಸೆಂಟಿಮೀಟರು, ಎಲೆಕ್ಟ್ರಾನುಗಳ ಶಕ್ತಿ ಸುಮಾರು ೧,೩೬೦ ಕೋಟಿ ಎಲೆಕ್ಟ್ರಾನ್ ವೋಲ್ಟು. ನಮ್ಮ ಪಂದ್ಯದ ಮಾತಿನಲ್ಲಿ ಹೇಳುವುದಾದರೆ, ೩ ಸೆಂಟಿಮೀಟರು ಓಡುವಷ್ಟರಲ್ಲಿ ಎಲೆಕ್ಟ್ರಾನು ಬೆಳಕಿಗಿಂತ ಹಿಂದುಳಿದದ್ದು ಕೇವಲ ೧.೫ ಆಂಗ್‌ಸ್ಟ್ರಾಮು, ಇಪ್ಪತ್ತು ಕೋಟಿಯಲ್ಲಿ ಒಂದು ಪಾಲು!

ಆ ಯಂತ್ರದ ಮೊದಲಿನ ಬಳುಕುಹಾದಿಯಲ್ಲಿ ತೆರಪು ಸ್ಥಿರವಾದದ್ದು. ಬಣ್ಣವನ್ನು ಬದಲಿಸಲು ಇದ್ದದ್ದು ಬಿರಡೆಯೊಂದೇ. ಒಂದು ಕಿಲೋಮೀಟರು ವೇಗವರ್ಧಕದ ಹದವನ್ನೇ ಬದಲಿಸಿ ಎಲೆಕ್ಟ್ರಾನುಗಳ ಶಕ್ತಿಯನ್ನು ಏರಿಸಬೇಕು ಇಲ್ಲವೆ ಇಳಿಸಬೇಕು. ಒಬ್ಬನೇ ಗಾಯಕನಿದ್ದಾಗ ಇದು ನಡೆಯುವುದು. ಒಂದೇ ಶ್ರುತಿಪೆಟ್ಟಿಗೆಗೆ ಮೂವರು ಮೂರು ಶ್ರುತಿಯಲ್ಲಿ ಹಾಡಬೇಕಾದರೆ ಏನು ಗತಿ? ಜರ್ಮನಿಯ ಹ್ಯಾಂಬರ್ಗಿನ ಬಳಿ ೨೦೧೭ರಲ್ಲಿ ಕೆಲಸಕ್ಕೆ ತೊಡಗಿದ ಐರೋಪ್ಯ ಕ್ಷ-ಕಿರಣ ಲೇಸರಿನಲ್ಲಿ ಇದೇ ಪ್ರಶ್ನೆ ಎದ್ದಿತು. ಅದರ ಒಟ್ಟು ಉದ್ದ ೩.೪ ಕಿಲೋಮೀಟರು. ಒಂದೇ ವೇಗವರ್ಧಕದಿಂದ ಹೊರಟ ೧,೭೫೦ ಕೋಟಿ ವೋಲ್ಟು ಶಕ್ತಿಯವರೆಗಿನ ಎಲೆಕ್ಟ್ರಾನುಗಳು ಮೂರು ಬಳುಕುಹಾದಿಗಳನ್ನು ಹಾಯುತ್ತವೆ. ಒಂದರ ವಿಜ್ಞಾನಿಗಳಿಗೆ ಬೇಕೆಂದು ಶಕ್ತಿಯನ್ನು ಬದಲಿಸಿದರೆ ಉಳಿದಿಬ್ಬರ ಬಣ್ಣ ಕೆಡುವುದು. ಆದಕಾರಣ ಅಲ್ಲಿ ತೆರಪನ್ನು ಬದಲಿಸುವ ಏರ್ಪಾಡನ್ನೇ ಮಾಡಿದರು. ಐದೈದು ಮೀಟರಿನ ತುಂಡುಗಳು. ಒಂದೇ ಹಾದಿಯಲ್ಲಿ ೩೫ ತುಂಡುಗಳವರೆಗೆ. ಮೇಲಿನ ಸಾಲೂ ಕೆಳಗಿನ ಸಾಲೂ ಹಲವು ಟನ್ನುಗಳ ಬಲದಿಂದ ಒಂದನ್ನೊಂದು ಸೆಳೆಯುತ್ತಿರುವಾಗ, ಸುಮಾರು ಒಂದು ಸೆಂಟಿಮೀಟರಿನ ಆ ತೆರಪನ್ನು ಮೈಕ್ರಾನಿನ ನಿಖರತೆಯಿಂದ ಅಗಲಿಸಬೇಕು, ಕಿರಿದಾಗಿಸಬೇಕು. ಆನೆಗಳಿಬ್ಬರು ತಳ್ಳುತ್ತಿರುವ ಬಾಗಿಲನ್ನು ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಸರಿಸಿದಂತೆ! ಸ್ಟಾನ್‌ಫರ್ಡಿನವರೂ ೨೦೨೦ರ ಹೊತ್ತಿಗೆ ತೆರಪು ಬದಲಾಗುವ ಹೊಸ ಬಳುಕುಹಾದಿಗಳನ್ನು ಹಾಕಿಕೊಂಡರು. ಜಪಾನಿನವರು ೨೦೧೧ರಲ್ಲಿ ಬೆಳಗಿಸಿದ ಸಾಕ್ಲಾ ಯಂತ್ರದಲ್ಲಿ ಮೊದಲಿನಿಂದಲೇ ಈ ಏರ್ಪಾಡಿತ್ತು. ಹಾದಿಯ ಮುಂಭಾಗವನ್ನು ಒಂದು ತೆರಪಿಗೂ ಹಿಂಭಾಗವನ್ನು ಇನ್ನೊಂದು ತೆರಪಿಗೂ ಇಟ್ಟು, ಒಂದೇ ಗುಂಪಿನ ಎಲೆಕ್ಟ್ರಾನುಗಳಿಂದ ಎರಡು ಬಣ್ಣದ ಕ್ಷ-ಕಿರಣಗಳನ್ನು ೨೦೧೩ರಲ್ಲಿ ಅಲ್ಲಿ ಹೊರಡಿಸಿದರು.

ತೆರಪಿನ ಮೆಟ್ಟಿಲಿಗೂ ಒಂದು ಎಲ್ಲೆಯುಂಟು. ತೆರಪನ್ನು ತೀರ ಅಗಲಿಸಿದರೆ ಬಳುಕೇ ಅಡಗಿ ಬೆಳಕು ಕ್ಷೀಣಿಸುವುದು. ಆಗ ಬಿರಡೆಗೆ ಕೈಹಾಕದೆ ವಿಧಿಯಿಲ್ಲ. ಹವೆಯ ಕಾಟವೂ ಉಂಟು. ಹವೆ ಬದಲಾದರೆ ತಂಬೂರಿಯ ಶ್ರುತಿ ಬದಲಾಗುವುದನ್ನು ಬಲ್ಲವರಿಗೆ, ಅಯಸ್ಕಾಂತದ ಬಲವು ಸೆಕೆಗೆ ತಗ್ಗುವುದೆಂದರೆ ನಂಬುಗೆಯಾದೀತು. ಸುರಂಗದ ಉಷ್ಣತೆಯನ್ನು ಡಿಗ್ರಿಯ ಅತ್ಯಲ್ಪ ಭಾಗದಷ್ಟೂ ಬದಲಾಗದಂತೆ ಕಾಯುತ್ತಾರೆ.

ಈ ತಾರಸ್ಥಾಯಿಯ ಶ್ರುತಿಯಿಂದ ನಡೆದ ಕೆಲಸಗಳಲ್ಲಿ ನಮಗೆ ಅತ್ಯಂತ ರಮ್ಯವಾಗಿ ತೋರುವುದು ಹಸಿರೆಲೆಯ ವಿಷಯ. ನಾವು ಉಸಿರಾಡುವ ಆಮ್ಲಜನಕವು ಎಲೆಯು ಬಿಸಿಲಿನಲ್ಲಿ ನೀರನ್ನು ಒಡೆಯುವುದರಿಂದ ಬರುವುದು. ಆ ಒಡೆಯುವ ಕಾರ್ಯವು ನಡೆಯುವ ಸ್ಥಾನದಲ್ಲಿ ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಮ್ ಪರಮಾಣುವೂ ಇವೆ. ಮ್ಯಾಂಗನೀಸಿನ ಅಂತರಂಗವನ್ನು ತಟ್ಟಿ ಎಬ್ಬಿಸಬೇಕಾದರೆ ಸುಮಾರು ೧.೯ ಆಂಗ್‌ಸ್ಟ್ರಾಮಿಗಿಂತ ಕಿರಿದಾದ ಕ್ಷ-ಕಿರಣ ಬೇಕು. ಅದಕ್ಕಿಂತ ಹಿರಿದಾದರೆ ಎಷ್ಟೇ ಪ್ರಖರವಾಗಿದ್ದರೂ ಅದು ಓಗೊಡದು. ಸ್ಟಾನ್‌ಫರ್ಡಿನಲ್ಲಿಯೂ ಜಪಾನಿನಲ್ಲಿಯೂ ತಕ್ಕ ತರಂಗಾಂತರವನ್ನು ಹಿಡಿದು ಈ ಅಣುವನ್ನು ಶೋಧಿಸಿದ್ದಾರೆ. ಕಿರಣದ ಪೆಟ್ಟಿಗೆ ಅಣುವು ಸಿಡಿದು ನಾಶವಾಗುವುದು. ಆದರೆ ಕಿರಣವು ಇರುವುದು ಒಂದು ಸೆಕೆಂಡಿನ ಕೋಟಿ ಕೋಟಿಯಲ್ಲಿ ಕೆಲವೇ ಪಾಲು ಮಾತ್ರವಾದ್ದರಿಂದ, ಅಣುವು ಸಿಡಿಯುವ ಮೊದಲೇ ಅದರ ಚಿತ್ರವನ್ನು ಹೊತ್ತು ಹೊರಗೆ ಬಂದಿರುವುದು.

ಈ ಯಂತ್ರಗಳ ಶ್ರುತಿಯು ಪರಿಶುದ್ಧವೆಂದು ಹೇಳಲಾಗದು. ಮೊದಲ ಬೆಳಕು ಎಲೆಕ್ಟ್ರಾನುಗಳ ಅಡ್ಡಾದಿಡ್ಡಿ ಗುಂಪಿನಿಂದ ಹುಟ್ಟುವುದರಿಂದ ಕಿರಣದಿಂದ ಕಿರಣಕ್ಕೆ ಬಣ್ಣವು ಸ್ವಲ್ಪ ಹೊಯ್ದಾಡುವುದು. ಸ್ಟಾನ್‌ಫರ್ಡಿನವರು ೨೦೧೨ರಲ್ಲಿ ಹಾದಿಯ ನಡುವೆ ವಜ್ರದ ತೆಳುವಾದ ಹಲ್ಲೆಯೊಂದನ್ನಿಟ್ಟು, ಮೊದಲರ್ಧದಲ್ಲಿ ಹುಟ್ಟಿದ ಬೆಳಕಿನಿಂದ ಒಂದೇ ಬಣ್ಣವನ್ನು ಆರಿಸಿ, ಉಳಿದರ್ಧದಲ್ಲಿ ಅದನ್ನೇ ಬೆಳೆಸಿದರು. ವಜ್ರಕ್ಕೆ ಇಂಥ ಉಪಯೋಗವೂ ಇದೆಯೆಂದು ಅಕ್ಕಸಾಲಿಗರು ತಿಳಿದಿರಲಾರರು. ಇಟಲಿಯ ತ್ರಿಯೆಸ್ತೆಯಲ್ಲಿರುವ ಫೆರ್ಮಿ ಯಂತ್ರದಲ್ಲಿ ಸಾಮಾನ್ಯ ಲೇಸರೊಂದರ ಬೆಳಕನ್ನು ಬೀಜವಾಗಿ ಬಿತ್ತುತ್ತಾರೆ. ಎಲೆಕ್ಟ್ರಾನುಗಳು ಆ ಬೀಜದ ಶ್ರುತಿಯ ಮೇಲುಮೇಲಿನ ಸ್ಥಾಯಿಗಳನ್ನು ಹಾಡುತ್ತವೆ. ಗಂಟೆಯೂ ವೀಣೆಯೂ ಅಲ್ಲಿ ಜೊತೆಗೂಡಿವೆ.

ನಮ್ಮ ದೇಶದಲ್ಲಿ ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ ಅವಗೆಂಪು ಬೆಳಕಿನ ಮುಕ್ತ ಎಲೆಕ್ಟ್ರಾನ್ ಲೇಸರನ್ನು ಕಟ್ಟಿದ್ದಾರೆ. ೨೦೦೫ರಲ್ಲಿ ಈ ಕೇಂದ್ರಕ್ಕೆ ಯಾರ ಹೆಸರನ್ನಿಟ್ಟರೋ ಆ ರಾಮಣ್ಣನವರು ನಮ್ಮ ತುಮಕೂರು ಜಿಲ್ಲೆಯಲ್ಲಿ ೧೯೨೫ರಲ್ಲಿ ಹುಟ್ಟಿದವರು. ಪರಮಾಣು ವಿಜ್ಞಾನದಲ್ಲಿ ಎಷ್ಟು ಪ್ರಸಿದ್ಧರೋ ಪಿಯಾನೋ ನುಡಿಸುವುದರಲ್ಲಿಯೂ ಅಷ್ಟೇ ರಸಿಕರು. ನಮ್ಮ ರಾಗಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ತೂಗಿನೋಡಿ ಒಂದು ಗ್ರಂಥವನ್ನೇ ಬರೆದಿದ್ದಾರೆ. ಇಂದೋರಿನ ಯಂತ್ರವನ್ನು ೧೨.೫ರಿಂದ ೫೦ ಮೈಕ್ರಾನುಗಳವರೆಗೆ, ಎಂದರೆ ಸಂಗೀತದ ಲೆಕ್ಕದಲ್ಲಿ ಎರಡು ಸ್ಥಾಯಿಗಳಷ್ಟು, ಶ್ರುತಿಮಾಡುವಂತೆ ಯೋಜಿಸಿದ್ದಾರೆ. ಅಷ್ಟು ದೂರವನ್ನು ತೆರಪೊಂದರಿಂದಲೇ ಕ್ರಮಿಸುವುದಾಗದು. ಮೊದಲು ಎಲೆಕ್ಟ್ರಾನುಗಳ ಶಕ್ತಿಯನ್ನು ಬದಲಿಸಿ ಬೇಕಾದ ಬಣ್ಣದ ನೆರೆಗೆ ಬಂದು, ಆಮೇಲೆ ತೆರಪನ್ನು ಸರಿಸಿ ಸರಿಸಿ ಆ ಬಣ್ಣದ ಮೇಲೆಯೇ ನಿಲ್ಲಬೇಕು.